ಕಾಲುವೆಗೆ ನೀರು ಬರುವ ಮುಂಚೆ ಸೆಪ್ಟಿಕ್ ಟ್ಯಾಂಕ್ ಮುಚ್ಚಳ ತೆಗೆಯಿರಿ

ಎರಡು ವರ್ಷದ ಹಿಂದೆ ಗಣೇಶನ ಹಬ್ಬಕ್ಕೆ ಗಂಗಾವತಿಯ ನಮ್ಮ ಮನೆಯಲ್ಲಿ ಹದಿನಾಲ್ಕು ಜನ ಸೇರಿದ್ದೆವು. ಕಡುಬು ಬೆಂದು ಕೆಳಗಿಳಿದಿತ್ತು, ಮಂಗಳಾರತಿಗೆ ಕರ್ಪೂರ ಹುಡುಕುತ್ತಿದ್ದೆ. ಅಷ್ಟರಲ್ಲಿ ತಂಗಿಯ ಮಗ ಬಚ್ಚಲ ಕಡೆಯಿಂದ ಓಡಿ ಬಂದು, "ಮಾಮಾ, ನೀರು ಹೊಳ್ಳಿ ಮ್ಯಾಲೆ ಬರಾಕತ್ತೈತಿ" ಅಂದ. ಹೋಗಿ ನೋಡಿದರೆ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಬುಳಬುಳ ಅಂತ ಉಕ್ಕುತ್ತಿತ್ತು. ಆ ವಾಸನೆಯಲ್ಲಿ ಕಡುಬು ತಿನ್ನುವವರು ಯಾರು?

ಟ್ಯಾಂಕ್ ಎಳೆದು ಖಾಲಿ ಮಾಡುವ ಸಕ್ಕಿಂಗ್ ಗಾಡಿಯವರಿಗೆ ಫೋನ್ ಮಾಡಿದರೆ ಎಲ್ಲರದ್ದೂ ಒಂದೇ ಮಾತು: "ನಾಳೆ ಇಲ್ರಿ, ನಾಡಿದ್ದು ನೋಡೋಣ." ಅಂತೂ ಎರಡನೆಯ ದಿನ ಸಂಜೆ ಗಾಡಿ ಬಂತು. ಡ್ರೈವರ್ ಇಳಿದವನೇ ಕೇಳಿದ ಮೊದಲ ಪ್ರಶ್ನೆ: "ಅಣ್ಣಾ, ಮುಚ್ಚಳ ಎಲ್ಲೈತ್ರಿ?" ಅಪ್ಪ ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ ನೋಡಿದೆ. ಹಿಂದಿನ ವರ್ಷವಷ್ಟೇ ಹಿತ್ತಲಿಗೆಲ್ಲ ಟೈಲ್ಸ್ ಹಾಕಿಸಿದ್ದೆವು. ಮುಚ್ಚಳ ಅದರ ಕೆಳಗೆಲ್ಲೋ ಹೋಗಿತ್ತು. ಆರು ಟೈಲ್ಸ್ ಒಡೆದ ಮೇಲೆ ಸಿಕ್ಕಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಖಾಲಿ ಮಾಡಿಸಿ ದುಡ್ಡು ಕೊಟ್ಟು ಕಳಿಸಿದೆವು. ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕ್ ಅರ್ಧ ತುಂಬಿತ್ತು. ರಾತ್ರಿಯೆಲ್ಲ ಯಾರೂ ಅಷ್ಟು ನೀರು ಬಳಸಿರಲಿಲ್ಲ. ನಮ್ಮ ಮನೆಯಿಂದ ಎರಡು ಹೊಲ ದಾಟಿದರೆ ಭತ್ತದ ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಎರಡು ತಿಂಗಳಾಗಿತ್ತು. ಗದ್ದೆಯ ನೀರು ನೆಲದೊಳಗಿಂದಲೇ ಬಂದು, ಬಿರುಕು ಬಿಟ್ಟಿದ್ದ ಟ್ಯಾಂಕಿನ ತಳದಿಂದ ಒಳಗೆ ಸೇರಿತ್ತು. ಅಂದರೆ ನಾವು ದುಡ್ಡು ಕೊಟ್ಟು ತುಂಗಭದ್ರೆಯನ್ನೇ ಎತ್ತಿಸಿದ್ದೆವು.

ಆಮೇಲೆ ನಾನು ಈ ಕೆಲಸವನ್ನು ಸ್ವಲ್ಪ ಕಲಿತುಕೊಂಡೆ. ಕಲಿತದ್ದು ಇಷ್ಟೇ: ಟ್ಯಾಂಕ್ ಕರೆದಾಗ ಹೋಗಬಾರದು, ನಾವೇ ದಿನ ನೋಡಿ ಹೋಗಬೇಕು. ನಮ್ಮ ಕಡೆ ಆ ದಿನ ಬೇಸಿಗೆಯಲ್ಲಿದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಅಂತ ಕಾಲುವೆ ಕೆಳಗಿರುವ ಊರಿನವರಿಗೆ ಏಪ್ರಿಲ್ ಮಧ್ಯದಿಂದ ಜೂನ್ ಒಳಗೆ. ಆಗ ಕಾಲುವೆ ಒಣಗಿರುತ್ತದೆ, ನೆಲದ ನೀರು ಕೆಳಗಿಳಿದಿರುತ್ತದೆ, ಗಾಡಿಯವರಿಗೂ ಅಷ್ಟು ಗಡಿಬಿಡಿ ಇರುವುದಿಲ್ಲ. ಬಳ್ಳಾರಿ, ಕುಷ್ಟಗಿ, ಲಿಂಗಸುಗೂರಿನ ಒಣ ಭಾಗದವರು ಮಳೆಗಾಲ ಬಿಟ್ಟು ಯಾವಾಗ ಬೇಕಾದರೂ ಮಾಡಿಸಬಹುದು.

ಮೊದಲು ತಿಳಿಯಬೇಕಾದ್ದು: ನೆಲದೊಳಗೆ ಏನಿದೆ?

ನಮ್ಮಲ್ಲಿ ಎಲ್ಲದಕ್ಕೂ "ಪಿಟ್" ಅಂತಲೋ "ಸಂಡಾಸ್ ಗುಂಡಿ" ಅಂತಲೋ ಹೇಳಿಬಿಡುತ್ತೇವೆ. ಆದರೆ ಮೂರು ಬಗೆ ಇವೆ, ಮೂರಕ್ಕೂ ಆರೈಕೆ ಬೇರೆ.

ಸಿಮೆಂಟ್ ರಿಂಗ್ ಇಳಿಸಿದ ಗುಂಡಿಗೆ ತಳ ಇರುವುದಿಲ್ಲ. ನೀರು ಕೆಳಗೂ ಪಕ್ಕಕ್ಕೂ ಇಂಗುತ್ತದೆ, ರಾಡಿ ಉಳಿಯುತ್ತದೆ. ಹಳ್ಳಿಗಳಲ್ಲಿ ಸ್ವಚ್ಛ ಭಾರತದ ಶೌಚಾಲಯಗಳಿಗೆ ಜೋಡಿ ಗುಂಡಿ ಮಾಡಿರುವುದೂ ಉಂಟು. ಜೋಡಿ ಗುಂಡಿ ಇದ್ದವರು ಸಕ್ಕಿಂಗ್ ಗಾಡಿ ಕರೆಸಲೇಬೇಡಿ. ಒಂದು ತುಂಬಿದಾಗ ನಡುವಿನ ಚೇಂಬರಿನಲ್ಲಿ ದಾರಿ ಬದಲಿಸಿ ಇನ್ನೊಂದಕ್ಕೆ ಬಿಡಿ. ತುಂಬಿದ್ದನ್ನು ಮುಚ್ಚಿ ಎರಡು ವರ್ಷ ಸುಮ್ನೆ ಬಿಟ್ಟರೆ ಅದು ಒಣ ಗೊಬ್ಬರವಾಗುತ್ತದೆ. ಗುಂಡಿ ಕಟ್ಟಿದ ಉದ್ದೇಶವೇ ಅದು.

ಮೂರನೆಯದು ನಿಜವಾದ ಸೆಪ್ಟಿಕ್ ಟ್ಯಾಂಕ್. ತಳಕ್ಕೆ ಕಾಂಕ್ರೀಟ್, ಸುತ್ತ ಗೋಡೆ, ಒಳಗೆ ಒಂದು ಅಡ್ಡಗೋಡೆ, ಎರಡು ಕೋಣೆ. ಮೊದಲ ಕೋಣೆ ದೊಡ್ಡದು. ಮನೆಯಿಂದ ಬಂದದ್ದು ಇಲ್ಲಿ ನಿಲ್ಲುತ್ತದೆ. ಭಾರವಾದದ್ದು ರಾಡಿಯಾಗಿ ತಳಕ್ಕೆ ಕೂರುತ್ತದೆ. ಎಣ್ಣೆ, ಜಿಡ್ಡು ಹಾಲಿನ ಕೆನೆ ಥರ ಮೇಲೆ ಕಟ್ಟುತ್ತದೆ. ನಡುವಿನ ತಿಳಿನೀರು ಎರಡನೆಯ ಕೋಣೆಗೆ ದಾಟಿ, ಅಲ್ಲಿಂದ ಟಿ ಆಕಾರದ ಪೈಪಿನ ಮೂಲಕ ಇಂಗುಗುಂಡಿಗೆ ಹೋಗುತ್ತದೆ. ಗಾಳಿ ಇಲ್ಲದ ಆ ಕತ್ತಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ರಾಡಿಯನ್ನು ತಿಂದು ಕರಗಿಸುತ್ತವೆ. ಆದರೆ ಪೂರ್ತಿ ಕರಗಿಸುವುದಿಲ್ಲ. ಉಳಿದದ್ದು ವರ್ಷ ವರ್ಷ ಏರುತ್ತಾ ಹೋಗುತ್ತದೆ. ಅದನ್ನೇ ನಾವು ತೆಗೆಸಬೇಕಾಗಿರುವುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. "ನಮ್ಮ ಟ್ಯಾಂಕ್ ಇಪ್ಪತ್ತು ವರ್ಷ ಆದ್ರೂ ತುಂಬಿಲ್ಲ" ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬರು. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತದೆ. ಕಟ್ಟಿದ ಕೆಲವು ದಿನದಲ್ಲೇ ನೀರು ಹೊರ ಪೈಪಿನ ಮಟ್ಟಕ್ಕೆ ಬರುತ್ತದೆ. ಆಮೇಲೆ ಎಷ್ಟು ಒಳಗೆ ಬಂದರೆ ಅಷ್ಟೇ ಹೊರಗೆ ಹೋಗುತ್ತದೆ. ಇಪ್ಪತ್ತು ವರ್ಷ ರಾಡಿ ತೆಗೆಸದಿದ್ದರೆ ಅದು ಇಂಗುಗುಂಡಿಗೆ ಹರಿದಿದೆ, ಇಲ್ಲ ಚರಂಡಿಗೆ ಹರಿದಿದೆ. ತಳ ಸರಿಯಿಲ್ಲದಿದ್ದರೆ ನೆಲಕ್ಕೇ ಇಳಿದು ಪಕ್ಕದವರ ಬೋರ್‌ವೆಲ್ ಕಡೆ ಹೋಗಿದೆ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಇಂಗುಗುಂಡಿ ಕಡಿಮೆ ಅಂದರೂ 18 ಮೀಟರ್, ಅಂದರೆ 60 ಅಡಿ ದೂರ ಇರಬೇಕು ಅನ್ನುತ್ತದೆ ಭಾರತೀಯ ಮಾನಕ ಐಎಸ್ 2470. ಮೂವತ್ತು ನಲವತ್ತರ ಸೈಟಿನಲ್ಲಿ ಅದು ಆಗದ ಮಾತು, ನಿಜ. ಅದಕ್ಕೇ ರಾಡಿ ಹೊರಗೆ ಹೋಗದಂತೆ ನೋಡಿಕೊಳ್ಳುವುದು ಇನ್ನೂ ಜಾಸ್ತಿ ಮುಖ್ಯ.

ಮುಚ್ಚಳ ಹುಡುಕುವುದು

ನಗಬೇಡಿ, ಅರ್ಧ ಕೆಲಸ ಇದೇ. ಹಳೆಯ ಮನೆಗಳಲ್ಲಿ ಟ್ಯಾಂಕಿನ ಮೇಲೆ ಕಲ್ಲು ಚಪ್ಪಡಿ ಹೊದಿಸಿ, ಅದರ ಮೇಲೆ ಮಣ್ಣು ಹಾಕಿ, ಮಣ್ಣಿನ ಮೇಲೆ ತುಳಸಿಕಟ್ಟೆ ಕಟ್ಟಿದ್ದನ್ನೂ ನೋಡಿದ್ದೇನೆ. ಮಹಡಿಗೆ ಹೋಗುವ ಮೆಟ್ಟಿಲನ್ನೇ ಮುಚ್ಚಳದ ಮೇಲೆ ಕೂರಿಸಿದವರೂ ಇದ್ದಾರೆ.

ಸಂಡಾಸಿನ ಹೊರಗೋಡೆಯ ಹತ್ತಿರದ ಚೇಂಬರಿನಿಂದ ಶುರು ಮಾಡಿ. ಅದರಿಂದ ಹೊರಟ ಪೈಪು ಯಾವ ಕಡೆ ತಿರುಗಿದೆ ನೋಡಿ. ಗಾಳಿ ಪೈಪು, ಅಂದರೆ ಮಾಳಿಗೆಯ ಮೇಲಕ್ಕೆ ಹೋದ ಸಣ್ಣ ಪೈಪು, ಸಾಮಾನ್ಯವಾಗಿ ಟ್ಯಾಂಕಿನಿಂದಲೇ ಎದ್ದಿರುತ್ತದೆ. ಸಂಶಯ ಇದ್ದ ಜಾಗದಲ್ಲಿ ಕಬ್ಬಿಣದ ಸರಳಿನಿಂದ ಮೆಲ್ಲಗೆ ಕುಟ್ಟಿ. ಗಟ್ಟಿ ನೆಲ ದಪ್ ಅನ್ನುತ್ತದೆ, ಟೊಳ್ಳಿನ ಮೇಲಿನ ಚಪ್ಪಡಿ ಡಬ್ ಅಂತ ಗುಂಯ್‌ಗುಡುತ್ತದೆ. ಹಳೆಯ ಚಪ್ಪಡಿಯ ಮೇಲೆ ಮಾತ್ರ ನಿಂತು ಕುಟ್ಟಬೇಡಿ. ಕೆಳಗಿನಿಂದ ಗ್ಯಾಸ್ ತಿಂದು ಕಾಂಕ್ರೀಟ್ ಮುಚ್ಚಳದ ಕಂಬಿ ತುಕ್ಕು ಹಿಡಿದಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿಮುಟ್ಟಾಗೇ ಕಾಣುತ್ತದೆ.

ಸಿಕ್ಕ ಮೇಲೆ ಗೋಡೆಯಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಅಂತ ಟೇಪ್ ಹಿಡಿದು ಅಳೆದು ಬರೆದಿಡಿ. ಫೋನಿನಲ್ಲಿ ಫೋಟೋ ತೆಗೆಯಿರಿ. ಎರಡು ಕೋಣೆಗೂ ಬೇರೆ ಬೇರೆ ಮುಚ್ಚಳ ಇರಬೇಕು. ಒಂದೇ ಇದ್ದರೆ ಮುಂದಿನ ಸಲ ಮೇಸ್ತ್ರಿ ಬಂದಾಗ ಎರಡನೆಯದನ್ನು ಮಾಡಿಸಿ. ಟೈಲ್ಸ್ ಹಾಕಿಸುವಾಗ ಮುಚ್ಚಳದ ಮೇಲಿನ ಟೈಲ್ಸನ್ನು ಸಿಮೆಂಟ್ ಇಲ್ಲದೆ ಬಿಡಿಯಾಗಿ ಕೂರಿಸಿ. ನಾನು ಈಗ ಅಲ್ಲಿ ಬೇರೆ ಬಣ್ಣದ ಟೈಲ್ಸ್ ಹಾಕಿಸಿದ್ದೇನೆ. ಹೆಂಡತಿಗೆ ಇಷ್ಟವಿಲ್ಲ, ಆದರೆ ಡ್ರೈವರಿಗೆ ಬಹಳ ಇಷ್ಟವಾಯಿತು.

ಕೋಲಿನಿಂದ ಅಳೆಯುವುದು

ವರ್ಷಕ್ಕೊಮ್ಮೆ, ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಇದನ್ನು ಮಾಡಿ. ಬಿಸಿಲು ಏರುವ ಮುಂಚೆ ಮಾಡಿದರೆ ವಾಸನೆ ಕಡಿಮೆ. ಒಬ್ಬರೇ ಮಾಡಬೇಡಿ, ಜೊತೆಗೊಬ್ಬರಿರಲಿ.

ಹತ್ತು ಅಡಿ ಉದ್ದದ ಒಂದು ಬಿದಿರು ಗಳ ಅಥವಾ ಪಿವಿಸಿ ಪೈಪು ತೆಗೆದುಕೊಳ್ಳಿ. ಕೆಳಗಿನ ಐದಾರು ಅಡಿಗೆ ಹಳೆಯ ಬಿಳಿ ಟವೆಲ್ ಅಥವಾ ಪಂಚೆ ಸುತ್ತಿ, ಅರ್ಧ ಅಡಿಗೊಂದರಂತೆ ದಾರದಿಂದ ಬಿಗಿಯಾಗಿ ಕಟ್ಟಿ. ಮುಚ್ಚಳ ಸರಿಸಿ ಅರ್ಧ ಗಂಟೆ ದೂರ ಇರಿ, ಒಳಗಿನ ಗ್ಯಾಸ್ ಹೊರಗೆ ಹೋಗಲಿ. ಹತ್ತಿರ ಬೀಡಿ, ಸಿಗರೇಟು, ಕಡ್ಡಿಪೆಟ್ಟಿಗೆ ಬೇಡ. ಮಿಥೇನ್ ಹೊತ್ತಿಕೊಳ್ಳುವ ಗ್ಯಾಸ್. ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ನಿಂತು, ಬಗ್ಗದೆ ಕೋಲನ್ನು ಮೆಲ್ಲಗೆ ನೇರವಾಗಿ ಇಳಿಸಿ. ಮುಖವನ್ನು ಟ್ಯಾಂಕಿನ ಬಾಯಿಯ ಹತ್ತಿರ ಒಯ್ಯಬೇಡಿ.

ಮೇಲಿನ ಕೆನೆ ತೂರುವಾಗ ಕೈಗೆ ಸ್ವಲ್ಪ ತಡೆ ಗೊತ್ತಾಗುತ್ತದೆ, ಮೊಸರಿನ ಗಟ್ಟಿ ಕೆನೆಗೆ ಚಮಚ ಹಾಕಿದ ಹಾಗೆ. ಆಮೇಲೆ ಕೋಲು ಸಲೀಸಾಗಿ ಇಳಿಯುತ್ತದೆ, ಅದು ನೀರು. ಮತ್ತೆ ಮೆತ್ತಗೆ ತಡೆ ಸಿಕ್ಕಿದರೆ ರಾಡಿ ಶುರು. ಕೊನೆಗೆ ಟಕ್ ಅಂದರೆ ತಳ. ಅಲ್ಲಿ ಎರಡು ಮೂರು ನಿಮಿಷ ನಿಲ್ಲಿಸಿ, ನಿಧಾನವಾಗಿ ಎತ್ತಿ. ಟವೆಲಿನ ಕೆಳಭಾಗಕ್ಕೆ ಕರಿ ರಾಡಿ ಅಂಟಿರುತ್ತದೆ. ಅದರ ಮೇಲೆ ಬರೀ ಒದ್ದೆ ಕಲೆ. ಕೆಳತುದಿಯಿಂದ ರಾಡಿ ಎಷ್ಟು, ಒದ್ದೆ ಎಷ್ಟು ಅಂತ ಎರಡನ್ನೂ ಟೇಪಿನಿಂದ ಅಳೆಯಿರಿ.

ನೀರಿನ ಒಟ್ಟು ಆಳದ ಮೂರನೆಯ ಒಂದು ಭಾಗಕ್ಕಿಂತ ರಾಡಿ ಜಾಸ್ತಿ ಇದ್ದರೆ ಗಾಡಿ ಕರೆಸುವ ಕಾಲ ಬಂದಿದೆ. ನಮ್ಮ ಮನೆಯಲ್ಲಿ ಹೋದ ವರ್ಷ ಒದ್ದೆ ನಾಲ್ಕು ಅಡಿ ಬಂತು, ರಾಡಿ ಒಂದು ಅಡಿಗಿಂತ ಸ್ವಲ್ಪ ಕಡಿಮೆ. ನಾಲ್ಕು ಅಡಿಯ ಮೂರನೆಯ ಒಂದು ಭಾಗ ಅಂದರೆ 16 ಇಂಚು. ಹಾಗಾಗಿ ಒಂದು ವರ್ಷ ಮುಂದೆ ಹಾಕಿದೆ. ಮೇಲಿನ ಕೆನೆ ದಪ್ಪವಾಗಿ ಹೊರ ಹೋಗುವ ಟಿ ಪೈಪಿನ ಕೆಳಬಾಯಿಯ ಹತ್ತಿರ ಬಂದಿದ್ದರೂ ತೆಗೆಸಬೇಕು, ರಾಡಿ ಎಷ್ಟೇ ಕಡಿಮೆ ಇರಲಿ.

ಟವೆಲನ್ನು ಹೊಲದಂಚಿನಲ್ಲಿ ಎಸೆಯಬೇಡಿ, ಹೂಳಿ. ಕೋಲನ್ನು ತೊಳೆದು ಬಿಸಿಲಿಗೆ ಒಣಗಿಸಿ, ಬೇರೆ ಯಾವ ಕೆಲಸಕ್ಕೂ ಬಳಸಬೇಡಿ. ಕೈಗೆ ರಬ್ಬರ್ ಗ್ಲೌಸ್ ಹಾಕಿದ್ದರೂ ಸಾಬೂನು ಹಚ್ಚಿ ತೊಳೆಯಿರಿ.

ಎಷ್ಟು ವರ್ಷಕ್ಕೊಮ್ಮೆ?

ಕೋಲಿನಷ್ಟು ಖಚಿತವಾದ ಉತ್ತರ ಬೇರೆ ಇಲ್ಲ. ಆದರೂ ಅಂದಾಜು ಬೇಕು ಅಂದರೆ ಲೆಕ್ಕ ಹೀಗೆ. ಒಬ್ಬರಿಂದ ವರ್ಷಕ್ಕೆ ಸುಮಾರು 40ರಿಂದ 80 ಲೀಟರ್ ರಾಡಿ ಸೇರುತ್ತದೆ. ಐದು ಜನರ ಮನೆಗೆ 200ರಿಂದ 400 ಲೀಟರ್. ಐದು ಜನಕ್ಕೆ ಐಎಸ್ 2470 ಹೇಳುವ ಸಣ್ಣ ಟ್ಯಾಂಕ್ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ. ಅಂದರೆ 1,125 ಲೀಟರ್. ಅದರ ಮೂರನೆಯ ಒಂದು ಭಾಗ 375 ಲೀಟರ್. ಹಾಗಾಗಿ ಅದನ್ನು ಒಂದು, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ತೆಗೆಸಲೇಬೇಕು.

ನಮ್ಮ ಕಡೆ ಮೇಸ್ತ್ರಿಗಳು ಇದಕ್ಕಿಂತ ದೊಡ್ಡದು ಕಟ್ಟುತ್ತಾರೆ. ನಿಮ್ಮದು ಎಷ್ಟು ಅಂತ ತಿಳಿಯಲು ಉದ್ದ, ಅಗಲ, ನೀರಿನ ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. ಲೀಟರ್ ಸಿಗುತ್ತದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ನೀರು ಇದ್ದರೆ ಸುಮಾರು 4,000 ಲೀಟರ್. ಇದು ಐದು ಜನಕ್ಕೆ ಮೂರು ವರ್ಷವಂತೂ ಧಾರಾಳ ಬರುತ್ತದೆ, ಕೆಲವು ಮನೆಗೆ ಐದಾರು ವರ್ಷವೂ ಬರುತ್ತದೆ. ಮೇಲಿನ ಮಹಡಿ ಬಾಡಿಗೆಗೆ ಕೊಟ್ಟರೆ ಲೆಕ್ಕ ಮತ್ತೆ ಮಾಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ತುಂಬಿದೆಯೋ, ಕಟ್ಟಿದೆಯೋ?

ಸಂಡಾಸಿನಲ್ಲಿ ನೀರು ಇಳಿಯುತ್ತಿಲ್ಲ ಅಂದ ಕೂಡಲೇ ಗಾಡಿಗೆ ಫೋನ್ ಮಾಡಬೇಡಿ. ಮೊದಲು ಬಚ್ಚಲು ನೋಡಿ. ಒಂದೇ ಸಂಡಾಸು ತೊಂದರೆ ಕೊಟ್ಟು ಉಳಿದದ್ದೆಲ್ಲ ಸರಿ ಇದ್ದರೆ ಆ ಒಂದು ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ. ಎಲ್ಲವೂ ಒಟ್ಟಿಗೆ ನಿಂತಿದ್ದರೆ ಟ್ಯಾಂಕಿಗೆ ಹೋಗುವ ದಾರಿಯ ಕೊನೆಯ ಚೇಂಬರಿನ ಮುಚ್ಚಳ ತೆಗೆಯಿರಿ. ಚೇಂಬರ್ ಒಣಗಿದ್ದರೆ ತಡೆ ಮನೆಗೂ ಚೇಂಬರಿಗೂ ನಡುವೆ ಇದೆ, ಪ್ಲಂಬರ್ ಸಾಕು. ಚೇಂಬರ್ ತುಂಬಿ ನಿಂತಿದ್ದರೆ ತೊಂದರೆ ಮುಂದಿದೆ: ಟ್ಯಾಂಕಿನ ಒಳಬಾಯಿ ಕಟ್ಟಿರಬಹುದು, ಟ್ಯಾಂಕ್ ತುಂಬಿರಬಹುದು, ಇಲ್ಲವೇ ಇಂಗುಗುಂಡಿ ನೀರು ಕುಡಿಯುತ್ತಿಲ್ಲ.

ಈ ಕೊನೆಯದು ಎರೆ ಮಣ್ಣಿನ ಶಾಪ. ಮಸಾರಿ ಮಣ್ಣು ನೀರನ್ನು ಬೇಗ ಹೀರುತ್ತದೆ. ಎರೆ ಮಣ್ಣು ಒದ್ದೆಯಾದರೆ ಉಬ್ಬಿ, ರಂಧ್ರಗಳೆಲ್ಲ ಮುಚ್ಚಿ, ಕೆಸರು ಕಟ್ಟಿ ಕೂರುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೀಗೆ ಉಬ್ಬಿ ಕುಗ್ಗಿ ಟ್ಯಾಂಕಿನ ಗೋಡೆಯನ್ನೂ ಸೀಳುತ್ತದೆ. ಸಿಂಧನೂರು, ಬಳ್ಳಾರಿ ಸುತ್ತ ಎರೆ ನೆಲದಲ್ಲಿ ಮನೆ ಕಟ್ಟಿದವರಿಗೆ ಇದು ಗೊತ್ತು. ಅಂಥ ನೆಲದಲ್ಲಿ ಟ್ಯಾಂಕಿಗೆ ಇಟ್ಟಿಗೆಗಿಂತ ಕಂಬಿ ಹಾಕಿದ ಕಾಂಕ್ರೀಟ್ ಗೋಡೆ ಒಳ್ಳೆಯದು. ಇಂಗುಗುಂಡಿ ದೊಡ್ಡದಿರಲಿ, ಸುತ್ತ ಜಲ್ಲಿ ಮತ್ತು ಮರಳು ತುಂಬಿಸಿ. ಇಂಗುಗುಂಡಿ ಸತ್ತಿದ್ದರೆ ಟ್ಯಾಂಕನ್ನು ತಿಂಗಳಿಗೊಮ್ಮೆ ಖಾಲಿ ಮಾಡಿಸಿದರೂ ಪ್ರಯೋಜನವಿಲ್ಲ. ಇದು ನಾನು ಮೂರು ಸಲ ದುಡ್ಡು ಕಳೆದ ಮೇಲೆ ತಿಳಿದದ್ದು.

ಗಾಡಿ ಬರುವ ದಿನ

ನಗರಸಭೆ ಅಥವಾ ಪಾಲಿಕೆಯಲ್ಲಿ ಮೊದಲು ಕೇಳಿ. ಅವರಲ್ಲಿ ಸಕ್ಕಿಂಗ್ ಮಷಿನ್ ಇದ್ದರೆ ಶುಲ್ಕ ಕಟ್ಟಿ ಹೆಸರು ಬರೆಸಬಹುದು. ಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛತೆಗೆ 14420 ಅನ್ನುವ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಖಾಸಗಿ ಗಾಡಿ ಕರೆಸುವುದಾದರೆ ಮೂರು ಮಾತು ಫೋನಿನಲ್ಲೇ ಕೇಳಿ. ಟ್ಯಾಂಕರ್ ಎಷ್ಟು ಲೀಟರಿನದು? ಪೈಪು ಎಷ್ಟು ಉದ್ದ ಇದೆ? ತುಂಬಿಕೊಂಡು ಎಲ್ಲಿ ಸುರಿಯುತ್ತೀರಿ? ದರ ಟ್ರಿಪ್ ಲೆಕ್ಕದಲ್ಲಿರುವುದರಿಂದ ಮೊದಲನೆಯದು ನಿಮ್ಮ ಜೇಬಿನ ಪ್ರಶ್ನೆ. ನಿಮ್ಮ ಟ್ಯಾಂಕ್ 4,000 ಲೀಟರ್ ಇದ್ದು ಅವರದು 3,000 ಇದ್ದರೆ ಎರಡು ಟ್ರಿಪ್ ಅಂತ ಮೊದಲೇ ಮಾತಾಡಿಕೊಳ್ಳಿ. ಗಾಡಿ ನಿಂತ ಮೇಲೆ ಚೌಕಾಸಿ ನಡೆಯುವುದಿಲ್ಲ.

ಅಂದು ಬೆಳಿಗ್ಗೆಯೇ ಎರಡೂ ಮುಚ್ಚಳ ತೆಗೆಸಿ ಗಾಳಿಯಾಡಲು ಬಿಡಿ. ಮಕ್ಕಳು, ಕರು, ನಾಯಿ ಯಾವುದೂ ಸುತ್ತ ಸುಳಿಯದ ಹಾಗೆ ನೋಡಿಕೊಳ್ಳಿ. ಮೋಟರ್ ಶುರುವಾದ ಮೇಲೆ ನೀವು ಪಕ್ಕದಲ್ಲೇ ನಿಲ್ಲಿ. ವಾಸನೆ ಅಂತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಮೇಲಿನ ನೀರು ಮಾತ್ರ ಎಳೆದು "ಖಾಲಿ ಆತ್ರೀ" ಅಂದುಬಿಡುತ್ತಾರೆ. ನೀರು ಹಗುರ, ಬೇಗ ಬರುತ್ತದೆ. ರಾಡಿ ದಪ್ಪ, ಪೈಪು ಗೊರಗೊರ ಅನ್ನುತ್ತದೆ, ಹೊತ್ತು ಹಿಡಿಯುತ್ತದೆ. ಪೈಪನ್ನು ಮೊದಲ ಕೋಣೆಯ ತಳಕ್ಕೇ ಬಿಡಿಸಿ. ರಾಡಿ ಗಟ್ಟಿಯಾಗಿದ್ದರೆ ಸ್ವಲ್ಪ ನೀರನ್ನು ಹಿಂದಕ್ಕೆ ರಭಸದಿಂದ ಬಿಟ್ಟು ಕಲಕಿ ಎಳೆಯಲು ಹೇಳಿ. ಮೇಲಿನ ಕೆನೆಯನ್ನು ಉದ್ದ ಕೋಲಿನಿಂದ ಹೊರಗೆ ನಿಂತೇ ಒಡೆಯಬಹುದು. ಆಮೇಲೆ ಎರಡನೆಯ ಕೋಣೆ.

ಮುಗಿಯಿತು ಅಂದಾಗ ನಿಮ್ಮ ಕೋಲು ತನ್ನಿ. ಇಳಿಸಿದ ಕೂಡಲೇ ಟಕ್ ಅಂದರೆ ಕೆಲಸ ಆಗಿದೆ. ಬುಳಕ್ ಅಂತ ಮುಳುಗಿದರೆ ಇನ್ನೂ ರಾಡಿ ಇದೆ, "ಇನ್ನೊಂದು ಸಲ ಹಾಕ್ರಿ ಅಣ್ಣಾ" ಅಂತ ಹೇಳಿ. ತಳದಲ್ಲಿ ಎರಡು ಮೂರು ಇಂಚು ಉಳಿದರೆ ಒಳ್ಳೆಯದೇ, ಹೊಸ ರಾಡಿಯನ್ನು ಕೊಳೆಸುವ ಜೀವಿಗಳು ಅದರಲ್ಲಿರುತ್ತವೆ. ಹಾಗಾಗಿ ಉಜ್ಜಿ ತೊಳೆಸುವುದು, ಒಳಗೆ ಬ್ಲೀಚಿಂಗ್ ಪೌಡರ್ ಸುರಿಯುವುದು ಬೇಡ. ಹೊರಗೆ ನೆಲಕ್ಕೆ ಚೆಲ್ಲಿದ್ದರ ಮೇಲೆ ಮಾತ್ರ ಸುಣ್ಣ ಉದುರಿಸಿ.

ಖಾಲಿ ಟ್ಯಾಂಕನ್ನು ಹಾಗೇ ಬಿಡಬೇಡಿ. ಹೊರ ಪೈಪಿನ ಮಟ್ಟದವರೆಗೆ ನೀರು ತುಂಬಿಸಿ. ನೆಲದ ನೀರು ಮೇಲಿರುವ ಜಾಗದಲ್ಲಿ ಖಾಲಿ ಪ್ಲಾಸ್ಟಿಕ್ ಟ್ಯಾಂಕ್ ತೇಲಿ ಮೇಲೆದ್ದು ಪೈಪು ಮುರಿಯುತ್ತದೆ. ಇಟ್ಟಿಗೆ ಗೋಡೆಯಾದರೆ ಹೊರಗಿನ ಒದ್ದೆ ಮಣ್ಣು ಒಳಕ್ಕೆ ತಳ್ಳುತ್ತದೆ. ಮಳೆಗಾಲದಲ್ಲಿ ಖಾಲಿ ಮಾಡಿಸಬೇಡಿ ಅನ್ನಲು ಇದೂ ಒಂದು ಕಾರಣ.

ಒಳಗೆ ಯಾರೂ ಇಳಿಯುವುದಿಲ್ಲ

ನಮ್ಮ ಮನೆಗೆ ಬಂದ ಗಾಡಿಯಲ್ಲಿ ಒಬ್ಬ ಹುಡುಗ ಇದ್ದ. ಇಪ್ಪತ್ತೆರಡು ವಯಸ್ಸಿರಬಹುದು, ಕಾಲಲ್ಲಿ ಹವಾಯಿ ಚಪ್ಪಲಿ. ಮೂಲೆಯಲ್ಲಿ ಗಟ್ಟಿ ರಾಡಿ ಉಳಿದಿತ್ತು. "ಒಂದು ಐನೂರು ಜಾಸ್ತಿ ಕೊಡ್ರಿ, ಇಳಿದು ಬಕೀಟಿನಾಗ ಎತ್ತತೀನಿ" ಅಂದ. ಅಷ್ಟು ಹೊತ್ತಿಗಾಗಲೇ ಪ್ಯಾಂಟು ಮಡಚುತ್ತಿದ್ದ. ಬೇಡ ಅಂದೆ. "ಏನಾಗಂಗಿಲ್ರಿ, ದಿನಾ ಇಳಿತೀವಿ" ಅಂದ. ಆ ಮೂಲೆಯ ರಾಡಿ ಇವತ್ತಿಗೂ ಅಲ್ಲೇ ಇದೆ. ಇರಲಿ.

ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್‌ನಿಂದ. ಅದು ಜಾಸ್ತಿಯಾದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. "ವಾಸನೆ ಹೋಯ್ತು, ಈಗ ಇಳಿಯಬಹುದು" ಅಂದುಕೊಂಡ ಕ್ಷಣವೇ ಅಪಾಯದ ಕ್ಷಣ. ಒಳಗೆ ಆಮ್ಲಜನಕವೂ ಕಡಿಮೆ ಇರುತ್ತದೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಜಿಗಿಯುತ್ತಾನೆ, ಅವನನ್ನು ಎತ್ತಲು ಮೂರನೆಯವನು. ಹೀಗೇ ಒಂದೇ ಗುಂಡಿಯಲ್ಲಿ ಮೂವರು ನಾಲ್ವರು ಸಾಯುವುದು. ಯಾರಾದರೂ ಬಿದ್ದರೆ ನೀವು ಇಳಿಯಬೇಡಿ. ಹಗ್ಗ ಬಿಡಿ, 112ಕ್ಕೆ ಅಥವಾ ಅಗ್ನಿಶಾಮಕ ದಳದ 101ಕ್ಕೆ ಫೋನ್ ಮಾಡಿ.

ಕಾನೂನೂ ಇದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಗಾಡಿಯವರಿಗೆ ಮಾತ್ರ ಅಂದುಕೊಳ್ಳಬೇಡಿ, ಕೂಲಿ ಕೊಟ್ಟು ಇಳಿಸುವ ಮನೆ ಮಾಲೀಕನಿಗೂ ಅನ್ವಯ. ಇಂಥ ಸಾವಿಗೆ ಪರಿಹಾರ 10 ಲಕ್ಷ ರೂಪಾಯಿ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಈ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿ ಊರಿನವರು.

ಎಲ್ಲಿ ಸುರಿಯುತ್ತಾರೆ?

ಈ ಪ್ರಶ್ನೆ ಕೇಳಿದರೆ ಕೆಲವು ಡ್ರೈವರುಗಳು ನಗುತ್ತಾರೆ. ಕೇಳಿ. ರಾತ್ರಿ ಹೊತ್ತು ಹಳ್ಳಕ್ಕೋ ಉಪಕಾಲುವೆಗೋ ಬಿಟ್ಟರೆ ಅದು ಮುಂದಿನ ಊರಿನ ಬಿಂದಿಗೆಗೆ ಹೋಗುತ್ತದೆ. ಗೊಬ್ಬರ ಅಂತ ಹಸಿ ರಾಡಿಯನ್ನೇ ಗದ್ದೆಗೆ ಬಿಡಿಸಿಕೊಳ್ಳುವ ರೈತರೂ ಇದ್ದಾರೆ. ಅದರಲ್ಲಿ ಸತ್ವ ಇರುವುದು ನಿಜ. ಆದರೆ ಜಂತುಹುಳುವಿನ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಕೊಕ್ಕೆಹುಳು ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ನಾಟಿ ಹಚ್ಚುವ ಹೆಣ್ಣುಮಕ್ಕಳು ಮೊಣಕಾಲುದ್ದ ಕೆಸರಿನಲ್ಲಿ ದಿನವಿಡೀ ನಿಂತಿರುತ್ತಾರೆ ಅಲ್ವಾ? ಒಣಗಿಸಿ, ಸಂಸ್ಕರಿಸಿ ಕೊಟ್ಟರೆ ಅದೇ ರಾಡಿ ಒಳ್ಳೆಯ ಗೊಬ್ಬರ. ದೇವನಹಳ್ಳಿಯಲ್ಲಿ 2015ರಿಂದಲೇ ಇದಕ್ಕೆಂದೇ ಒಂದು ಘಟಕ ಇದೆ. ನಿಮ್ಮ ಊರಿನ ನಗರಸಭೆ ಎಲ್ಲಿ ಸುರಿಯಲು ಜಾಗ ಗೊತ್ತು ಮಾಡಿದೆ ಅಂತ ಕೇಳಿಕೊಂಡು, ಅಲ್ಲಿಗೇ ಒಯ್ಯುವವರಿಗೆ ಕೆಲಸ ಕೊಡಿ. ನೂರು ರೂಪಾಯಿ ಜಾಸ್ತಿಯಾದರೆ ಆಗಲಿ.

ನಡುವಿನ ವರ್ಷಗಳಲ್ಲಿ

ಮಿರ್ಚಿ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಪ್ಯಾಡ್, ಡೈಪರ್, ಕೂದಲು, ಪಾತ್ರೆ ತಿಕ್ಕಿದ ಬೂದಿ ಯಾವುದೂ ಕರಗುವುದಿಲ್ಲ. ಆಸಿಡ್ ಹಾಕಿ ಸಂಡಾಸು ಬೆಳ್ಳಗೆ ಮಾಡುವ ಚಟ ಇದ್ದವರು ಕಡಿಮೆ ಮಾಡಿ, ಒಳಗಿನ ಜೀವಿಗಳು ಸಾಯುತ್ತವೆ. "ಈ ಪುಡಿ ಹಾಕಿದರೆ ಜೀವಮಾನದಲ್ಲಿ ಟ್ಯಾಂಕ್ ತೆಗೆಸಬೇಕಿಲ್ಲ" ಅಂತ ಮಾರುವವರನ್ನು ನಂಬಬೇಡಿ. ಹೊಸ ಟ್ಯಾಂಕ್ ಶುರು ಮಾಡುವಾಗ ಒಂದು ಬುಟ್ಟಿ ಹಳೆಯ ಸಗಣಿ ಕಲಕಿ ಹಾಕಿದರೆ ಸಾಕು, ಆಮೇಲೆ ನಮ್ಮಿಂದ ಬರುವುದೇ ಬೇಕಾದಷ್ಟು ಇರುತ್ತದೆ.

ಮಾಳಿಗೆಯ ಮಳೆನೀರನ್ನು ಟ್ಯಾಂಕಿಗೆ ಬಿಡಬಾರದು. ಫ್ಲೋರೈಡ್ ನೀರಿನ ಭಯಕ್ಕೆ ನಮ್ಮ ಕಡೆ ಮನೆಮನೆಗೂ ಆರ್‌ಒ ಬಂದಿದೆ. ಅದು ಹೊರಹಾಕುವ ನೀರನ್ನೂ ಟ್ಯಾಂಕಿಗೆ ಸೇರಿಸಬೇಡಿ, ನೆಲ ತೊಳೆಯಲು ಬಳಸಿ. ಸದ್ದಿಲ್ಲದೆ ಸೋರುವ ಫ್ಲಷ್ ಟ್ಯಾಂಕ್ ಎಲ್ಲಕ್ಕಿಂತ ಕೆಟ್ಟದ್ದು, ಇಂಗುಗುಂಡಿಯನ್ನು ಹಗಲು ರಾತ್ರಿ ಮುಳುಗಿಸಿಡುತ್ತದೆ.

ಗಾಳಿ ಪೈಪಿನ ತುದಿಗೆ ನೈಲಾನ್ ಜಾಲರಿ ಕಟ್ಟಿ. ಹತ್ತು ರೂಪಾಯಿಯ ಕೆಲಸ. ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುವುದೇ ಇಂಥ ಕೊಳೆ ನೀರಿನಲ್ಲಿ. ಜಾಲರಿ ಬಿಸಿಲಿಗೆ ವರ್ಷದಲ್ಲಿ ಪುಡಿಯಾಗುತ್ತದೆ, ಕೋಲು ಇಳಿಸುವ ದಿನವೇ ಅದನ್ನೂ ಬದಲಿಸಿ. ಮುಚ್ಚಳದ ಸಂದಿಗೆ ಬಡ ಗಾರೆ, ಅಂದರೆ ಸಿಮೆಂಟ್ ಕಡಿಮೆ ಹಾಕಿದ ಗಾರೆ ಮೆತ್ತಿ: ಹುಳ ದಾಟಬಾರದು, ಮುಂದಿನ ಸಲ ಉಳಿಯ ಒಂದೇ ಏಟಿಗೆ ಏಳಬೇಕು. ಟ್ಯಾಂಕಿನ ಮೇಲೆ ಟ್ರ್ಯಾಕ್ಟರ್, ಕಾರು ನಿಲ್ಲಿಸಬೇಡಿ.

ನಿಮ್ಮ ಓಣಿಗೆ ಒಳಚರಂಡಿ ಬಂದು ಮನೆಗೆ ಸಂಪರ್ಕ ಸಿಕ್ಕರೆ ಟ್ಯಾಂಕನ್ನು ಕೊನೆಯದಾಗಿ ಖಾಲಿ ಮಾಡಿಸಿ, ಮಣ್ಣು ತುಂಬಿಸಿ ಮುಚ್ಚಿ. ಖಾಲಿ ಗುಂಡಿಯನ್ನು ಹಾಗೇ ಉಳಿಸಬೇಡಿ.

ನಮ್ಮ ಮನೆಯಲ್ಲಿ ಲೆಕ್ಕವೆಲ್ಲ ಕರೆಂಟ್ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಗಡೆ ಇದೆ. ಮಾರ್ಕರ್ ಪೆನ್ನಿನಲ್ಲಿ ಖಾಲಿ ಮಾಡಿಸಿದ ತಾರೀಖು, ಪ್ರತಿ ಯುಗಾದಿಗೆ ರಾಡಿ ಎಷ್ಟು ಇಂಚು, ಮುಚ್ಚಳ ಗೋಡೆಯಿಂದ ಎಷ್ಟು ಅಡಿ, ಗಾಡಿಯವನ ನಂಬರು. ಮೊನ್ನೆ ಮೀಟರ್ ಓದಲು ಬಂದವನು ಅದನ್ನು ನೋಡಿ, "ಇದೇನ್ರೀ, ಹದಿನಾಲ್ಕು ಇಂಚು?" ಅಂತ ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ನಮ್ಮನ್ಯಾಗ ಮುಚ್ಚಳ ಎಲ್ಲೈತೋ ಗೊತ್ತಿಲ್ರಿ" ಅಂದ.